ಟಿಕೆಟ್ ಬೆಲೆ ಯಾಕೆ ಏರಿತು, ಸೆಷನ್‌ಗಳಲ್ಲಿ ಏನು ಬದಲಾಯಿತು

ನಮಸ್ಕಾರ,

ನಮ್ಮ ಸಾಫ್ಟ್‌ವೇರ್ ಕಾನ್ಫರೆನ್ಸಿನ ಈ ವರ್ಷದ ಟಿಕೆಟ್ ಬೆಲೆ ನೋಡಿ ನಿಮ್ಮಲ್ಲಿ ಹಲವರು ಸಿಟ್ಟಾಗಿದ್ದೀರಿ. ಬಂದ ಮೆಸೇಜುಗಳನ್ನೆಲ್ಲ ಓದಿದ್ದೇವೆ, ಖಾರವಾಗಿದ್ದವನ್ನೂ. ಬೆಲೆ ಏರಿಸಿದ್ದು ನಿಜ. ಕಂಪನಿಯ ದುಡ್ಡಲ್ಲದೆ ಸ್ವಂತ ಜೇಬಿನಿಂದ ಕೊಟ್ಟು ಬರುವವರಿಗೆ ಇದು ಭಾರ ಅಂತ ಗೊತ್ತು, ಅವರ ಕ್ಷಮೆ ಕೇಳುತ್ತೇವೆ. ಆದರೆ 'ಇವರೂ ದುಡ್ಡು ಮಾಡೋಕೆ ನಿಂತರು' ಅನ್ನುವ ಮಾತನ್ನು ಮಾತ್ರ ಒಪ್ಪುವುದಿಲ್ಲ.

ಇನ್ನು ಮುಂದೆ ಮುಖ್ಯ ವೇದಿಕೆಯಲ್ಲಿ ಸ್ಪಾನ್ಸರ್‌ಗಳಿಗೆ ಸ್ಲಾಟ್ ಮಾರುವುದಿಲ್ಲ. ಅವರು ಸ್ಟಾಲ್ ಹಾಕಬಹುದು, ಪಕ್ಕದ ಕೋಣೆಯಲ್ಲಿ ವರ್ಕ್‌ಶಾಪ್ ನಡೆಸಬಹುದು, ಬಾಗಿಲಲ್ಲೇ ಅದು ಸ್ಪಾನ್ಸರ್ ಸೆಷನ್ ಅಂತ ಬರೆದಿರುತ್ತದೆ. ಊಟ ಆದ ಮೇಲೆ ಕೂರಿಸಿಕೊಂಡು 'ನಮ್ಮ ಪ್ಲಾಟ್‌ಫಾರ್ಮ್ ಎಷ್ಟು ಚೆನ್ನಾಗಿದೆ ನೋಡಿ' ಅನ್ನುವ ಟಾಕ್ ಬೇಡವೇ ಬೇಡ ಅಂತ ಫೀಡ್‌ಬ್ಯಾಕ್ ಫಾರ್ಮಿನಲ್ಲಿ ಬರೆದವರು ನೀವೇ ಅಲ್ವಾ? ತೆಗೆದೆವು. ಅದರ ಜೊತೆ ಬರುತ್ತಿದ್ದ ದುಡ್ಡೂ ಹೋಯಿತು.

ಈಗ ಎಲ್ಲರೂ ಕೇಳುವ ಆ ಪ್ರಶ್ನೆ. 'ಸ್ಪೀಕರ್‌ಗಳು ಪುಕ್ಕಟೆ ಮಾತಾಡುತ್ತಾರೆ, ವಿಡಿಯೊ ಆಮೇಲೆ ಯೂಟ್ಯೂಬಲ್ಲಿ ಫ್ರೀ ಸಿಗುತ್ತೆ, ಮತ್ತೆ ಟಿಕೆಟ್‌ಗೆ ಇಷ್ಟು ಯಾಕೆ?'

ಮೊದಲು ತೆರಿಗೆ. ಟಿಕೆಟ್ ಮೇಲೆ 18% ಜಿಎಸ್‌ಟಿ ಇದೆ. ತೆರಿಗೆ ಸೇರಿ 5,000 ರೂಪಾಯಿ ಟಿಕೆಟ್ ಅಂದರೆ ಅದರಲ್ಲಿ ಸುಮಾರು 763 ರೂಪಾಯಿ ನಮ್ಮ ಕೈಗೆ ಬಂದು ಹಾಗೇ ಸರ್ಕಾರಕ್ಕೆ ಹೋಗುತ್ತದೆ. ಕಂಪನಿಯ ಜಿಎಸ್‌ಟಿ ನಂಬರ್ ಹಾಕಿ ಬಿಲ್ ತೆಗೆದುಕೊಂಡವರಿಗೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ (ಅಂದರೆ ಕಂಪನಿ ಕಟ್ಟಬೇಕಾದ ತೆರಿಗೆಯಲ್ಲಿ ಅಷ್ಟು ಕಳೆದುಕೊಳ್ಳಬಹುದು), ಸ್ವಂತ ದುಡ್ಡಲ್ಲಿ ಬರುವವರಿಗೆ ಏನೂ ಇಲ್ಲ. ಇದು ಅನ್ಯಾಯ ಅನಿಸಿದರೆ ನಮಗೂ ಹಾಗೇ ಅನಿಸುತ್ತದೆ, ಆದರೆ ಬೈಗುಳ ಬರುವುದು ನಮಗೆ. ಆಮೇಲೆ ಹಾಲ್. ಬೆಂಗಳೂರಿನ ದೊಡ್ಡ ಹೋಟೆಲ್‌ಗಳಲ್ಲಿ ಬರೀ ಹಾಲ್ ಕೊಡಿ ಅಂದರೆ ಕೊಡುವುದು ಕಡಿಮೆ, ಊಟ ಅವರ ಹತ್ತಿರವೇ ತೆಗೆದುಕೊಳ್ಳಬೇಕು, ಲೆಕ್ಕ ತಲೆಗಿಷ್ಟು ಅಂತ, ನೀವು ಊಟ ಮಾಡಿದರೂ ಅಷ್ಟೇ ಬಿಟ್ಟರೂ ಅಷ್ಟೇ. ಹೊರಗಡೆ ದರ್ಶಿನಿಯಲ್ಲಿ ಕುಡಿಯುವ ಕಾಫಿಯ ಬೆಲೆಗೂ ಅಲ್ಲಿ ಫ್ಲಾಸ್ಕಿನಿಂದ ಬಗ್ಗಿಸಿಕೊಳ್ಳುವ ಆ ನೀರು ಕಾಫಿಯ ಬೆಲೆಗೂ ಎಷ್ಟು ವ್ಯತ್ಯಾಸ ಅಂತ ಹೇಳಿದರೆ ನೀವು ಕಾಫಿಯನ್ನೇ ಬಿಡುತ್ತೀರಿ. ಇನ್ನು ಆ 'ಫ್ರೀ' ವಿಡಿಯೊ. ನೋಡುವವರಿಗೆ ಫ್ರೀ. ಕ್ಯಾಮೆರಾ, ಮೈಕು, ಅದನ್ನು ನೋಡಿಕೊಳ್ಳುವ ಹುಡುಗರು, ಎಡಿಟಿಂಗ್, ಎಲ್ಲಕ್ಕೂ ಬಿಲ್ ಬರುತ್ತದೆ. ಬೇರೆ ಊರಿಂದ ಬರುವ ಸ್ಪೀಕರ್‌ಗಳ ಟ್ರೈನು, ರೂಮಿನ ಖರ್ಚೂ ನಮ್ಮದೇ. ಪುಕ್ಕಟೆ ಮಾತಾಡುವವರ ಕೈಯಿಂದ ಚಾರ್ಜೂ ಕೊಡಿಸುವುದು ನ್ಯಾಯ ಅಲ್ಲ.

ಬ್ರಸೆಲ್ಸ್‌ನ ಓಪನ್ ಸೋರ್ಸ್ ಕಾನ್ಫರೆನ್ಸ್ ಫಾಸ್ಡೆಮ್ ಪೂರ್ತಿ ಉಚಿತ ಅಂತಲೂ ಹಲವರು ಬರೆದಿದ್ದೀರಿ. ಹೌದು, ಅದು ಯೂನಿವರ್ಸಿಟಿ ಕ್ಯಾಂಪಸ್‌ನಲ್ಲಿ ನಡೆಯುತ್ತದೆ, ಕೆಲಸ ಮಾಡುವವರು ಸ್ವಯಂಸೇವಕರು, ಊಟ ನಿಮ್ಮ ದುಡ್ಡಿನಲ್ಲಿ. 2009ರಲ್ಲಿ ಪೈಥಾನ್ ಪ್ರೋಗ್ರಾಮರುಗಳ ಕಾನ್ಫರೆನ್ಸ್ ಆದ ಪೈಕಾನ್ ಇಂಡಿಯಾ ಮೊದಲ ಸಲ ನಡೆದದ್ದೂ ನಮ್ಮ ಐಐಎಸ್‌ಸಿಯಲ್ಲೇ. ನಿಮ್ಮ ಕಾಲೇಜಿನಲ್ಲಿ ಶನಿವಾರ, ಭಾನುವಾರ ಆಡಿಟೋರಿಯಂ ಕೊಡಿಸಿದರೆ ನಾಳೆಯೇ ಬೆಲೆ ಇಳಿಸುತ್ತೇವೆ, ಸುಮ್ನೆ ಹೇಳುತ್ತಿಲ್ಲ.

ಹೆಚ್ಚಿಗೆ ಕೊಟ್ಟಿದ್ದಕ್ಕೆ ನಿಮಗೆ ಸಿಗುವುದೇನು? ಮೂರು ಟ್ರ್ಯಾಕ್ (ಒಂದೇ ಹೊತ್ತಿಗೆ ಅಕ್ಕಪಕ್ಕ ನಡೆಯುವ ಟಾಕ್ ಸಾಲುಗಳು) ಬದಲು ಎರಡು. 'ಒಳ್ಳೆಯ ಎರಡು ಟಾಕ್ ಒಂದೇ ಹೊತ್ತಿಗೆ ಇಟ್ಟಿದ್ದೀರಿ' ಅನ್ನುವ ಗೊಣಗಾಟ ಸ್ವಲ್ಪ ಕಡಿಮೆ ಆಗಬಹುದು. ಪ್ರಪೋಸಲ್‌ಗಳ ಮೊದಲ ಸುತ್ತಿನಲ್ಲಿ ಹೆಸರು, ಕಂಪನಿ ಮುಚ್ಚಿಟ್ಟು ಓದುತ್ತೇವೆ. ಬರ್ಲಿನ್‌ನ ಜಾವಾಸ್ಕ್ರಿಪ್ಟ್ ಕಾನ್ಫರೆನ್ಸ್ ಜೆಎಸ್‌ಕಾನ್ಫ್ ಇಯು 2012ರಲ್ಲಿ ಹೀಗೆ ಮಾಡಿತ್ತು. ಜೊತೆಗೆ ಹೆಂಗಸರನ್ನು ಹುಡುಕಿ ಹುಡುಕಿ ಪ್ರಪೋಸಲ್ ಕಳಿಸಿ ಅಂತ ಕೇಳಿಕೊಂಡರು, ಸ್ಪೀಕರ್‌ಗಳಲ್ಲಿ 25% ಹೆಂಗಸರೇ ಆದರು. ನಾವೂ ಈಗ ಹಾಗೇ ಫೋನ್ ಮಾಡಿ ಕೇಳಿಕೊಳ್ಳುವ ಕೆಲಸದಲ್ಲೇ ಇದ್ದೇವೆ.

ಆಯ್ಕೆಯಾದ ಎಲ್ಲರಿಗೂ ರಿಹರ್ಸಲ್ ಕಡ್ಡಾಯ. ಹತ್ತು ಕಡೆ ಮಾತಾಡಿದ ಹಳಬರಿಗೂ. (ಅವರಲ್ಲಿ ಕೆಲವರು ಮುನಿಸಿಕೊಂಡಿದ್ದಾರೆ, ಇರಲಿ.) ಕೊನೆ ಸಾಲಿನಿಂದ ಕೋಡ್ ಓದೋಕೆ ಆಗದಿದ್ದರೆ ಸ್ಲೈಡ್ ವಾಪಸ್. ಲೈವ್ ಡೆಮೊ ಇದ್ದರೆ ರೆಕಾರ್ಡ್ ಮಾಡಿದ್ದೂ ಜೊತೆಗೆ ಇರಬೇಕು, ಯಾಕೆಂದರೆ ಹಾಲ್‌ನ ವೈಫೈ ಹಣೆಬರಹ ನಿಮಗೂ ಗೊತ್ತು.

ಪ್ರಚಾರದ ರೀತಿಯೂ ಬದಲಾಗಿದೆ. ಸ್ಪೀಕರ್ ಫೋಟೊ, ಕಂಪನಿ ಲೋಗೊ ಇರುವ ಪೋಸ್ಟರ್‌ಗಳನ್ನು ಯಾರೂ ಓದುವುದಿಲ್ಲ, ಸ್ಪೀಕರ್ ಮನೆಯವರು ಬಿಟ್ಟರೆ. ಈಗ ಪ್ರತಿ ಸೆಷನ್‌ಗೂ ಸ್ಪೀಕರ್ ಕೈಯಿಂದಲೇ ನಾಲ್ಕು ಸಾಲು ಬರೆಸುತ್ತೇವೆ: ಇದು ಯಾರಿಗೆ, ಮೊದಲೇ ಏನು ಗೊತ್ತಿರಬೇಕು, ಹೋಗುವಾಗ ಏನು ಕಲಿತಿರುತ್ತೀರಿ. ಹೆಸರುಗಳನ್ನೂ ಕೂತು ತಿದ್ದುತ್ತಿದ್ದೇವೆ. 'ಟೈಮ್‌ಝೋನ್ ಬೆಸ್ಟ್ ಪ್ರಾಕ್ಟೀಸಸ್' ಅಂತ ಬಂದಿದ್ದ ಪ್ರಪೋಸಲ್ ಈಗ 'ಮಧ್ಯರಾತ್ರಿಗೆ ಇಟ್ಟ ಕ್ರಾನ್ ಜಾಬ್ ಬೆಳಗ್ಗೆ 5:30ಕ್ಕೆ ಯಾಕೆ ಓಡಿತು?' ಅಂತ ಆಗಿದೆ. ಕ್ರಾನ್ ಜಾಬ್ ಅಂದರೆ ಸರ್ವರ್ ಹೇಳಿದ ಹೊತ್ತಿಗೆ ತಾನೇ ಓಡಿಸುವ ಕೆಲಸ. ಸರ್ವರ್ ಗಡಿಯಾರ ಯುಟಿಸಿಯಲ್ಲಿದ್ದು (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಅಂತರರಾಷ್ಟ್ರೀಯ ಸಮಯ) ಒಮ್ಮೆ ಪೆಟ್ಟು ತಿಂದವರು ಯಾರೂ ಆ ಸೆಷನ್ ತಪ್ಪಿಸಿಕೊಳ್ಳುವುದಿಲ್ಲ.

ಹಳೇ ಬೆಲೆಗೆ ಟಿಕೆಟ್ ತೆಗೆದುಕೊಂಡವರು ಒಂದು ರೂಪಾಯಿಯೂ ಹೆಚ್ಚಿಗೆ ಕೊಡಬೇಕಿಲ್ಲ. ವಿದ್ಯಾರ್ಥಿಗಳ ಬೆಲೆ ಏರಿಸಿಲ್ಲ. ಕೆಲಸ ಕಳೆದುಕೊಂಡವರು ನಮಗೊಂದು ಮೇಲ್ ಹಾಕಿ, ಯಾಕೆ ಏನು ಅಂತ ಕೇಳುವುದಿಲ್ಲ, ವಿದ್ಯಾರ್ಥಿ ಬೆಲೆಗೇ ಕೊಡುತ್ತೇವೆ. ಇಷ್ಟೆಲ್ಲ ಓದಿಯೂ ಈ ಸಲ ಬೇಡ ಅನಿಸಿದವರಿಗೆ ಪೂರ್ತಿ ದುಡ್ಡು ವಾಪಸ್, ಪೇಮೆಂಟ್ ಗೇಟ್‌ವೇ ಹಿಡಿದುಕೊಳ್ಳುವ ಚಾರ್ಜ್ ನಾವೇ ಹಾಕಿಕೊಳ್ಳುತ್ತೇವೆ.

ನಿಮ್ಮ,
ಕಾನ್ಫರೆನ್ಸ್ ತಂಡ, ಬೆಂಗಳೂರು