ಪ್ರೋಗ್ರಾಮ್ ಸರಿ ಇತ್ತು, ಬ್ಯಾಟರಿ ಸಾಲಲಿಲ್ಲ

ಸಂಪಾದಕರಿಗೆ ನಮಸ್ಕಾರ.

ಶಾಲೆಗಳ ವಿಜ್ಞಾನ ಪ್ರದರ್ಶನದ ಫೋಟೊ ಪತ್ರಿಕೆಯಲ್ಲಿ ಬಂದಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಮೇಜಿನ ಮೇಲಿನ ಬ್ಯಾಟರಿ ಕಡೆಗೆ. ಎಷ್ಟೋ ಸಲ ಅಲ್ಲಿರುವುದು ಅದೇ ಪುಟ್ಟ 9 ವೋಲ್ಟ್ ಬ್ಯಾಟರಿ. ನಾನು ಟಿವಿ, ಯುಪಿಎಸ್ ರಿಪೇರಿ ಮಾಡುವವನು. ಈ ಬ್ಯಾಟರಿಯಿಂದ ಮಕ್ಕಳಿಗೆ ಆಗುತ್ತಿರುವ ಬೇಜಾರನ್ನು ಹತ್ತಿರದಿಂದ ನೋಡಿದ್ದೇನೆ, ಅದಕ್ಕೇ ಈ ಪತ್ರ.

ಹೋದ ವರ್ಷ ಪಕ್ಕದ ಬೀದಿಯ ಹುಡುಗಿಯ ಜೊತೆ ಒಂದು ಪ್ರದರ್ಶನಕ್ಕೆ ಹೋಗಿದ್ದೆ. ಒಂಬತ್ತನೇ ಕ್ಲಾಸು. ಆರ್ಡುಯಿನೊ ಯುನೊ ಅನ್ನುವ, ಪ್ರೋಗ್ರಾಮ್ ಹಾಕಿ ನಡೆಸುವ ಪುಟ್ಟ ಬೋರ್ಡಿಗೆ ನಾಲ್ಕು ಎಲ್‌ಇಡಿ ಚೌಕ ಜೋಡಿಸಿ ಬಸ್ ನಿಲ್ದಾಣಕ್ಕೆ ಕನ್ನಡದ ಫಲಕ ಮಾಡಿದ್ದಳು. ಒಂದೊಂದು ಚೌಕದಲ್ಲೂ ಅಡ್ಡ ಎಂಟು, ಉದ್ದ ಎಂಟು ಚುಕ್ಕಿ. ಎಂಟೇ ಚುಕ್ಕಿ ಎತ್ತರದಲ್ಲಿ ‘ಸ್ವಾ’ ಬರೆಯಬೇಕು, ಕೆಳಗೆ ವ ಒತ್ತು ಬೇರೆ ಕೂರಬೇಕು. ಗ್ರಾಫ್ ಪುಸ್ತಕದಲ್ಲಿ ಪೆನ್ಸಿಲಿನಿಂದ ತುಂಬಿ, ಅಳಿಸಿ, ಮತ್ತೆ ತುಂಬಿ, ರಂಗೋಲಿಗೆ ಚುಕ್ಕಿ ಎಣಿಸಿದ ಹಾಗೆ ಎಣಿಸಿ ಒಂದೊಂದು ಅಕ್ಷರವನ್ನೂ ಕೂರಿಸಿದ್ದಳು. ಮನೆಯಲ್ಲಿ ಲ್ಯಾಪ್‌ಟಾಪಿನ ಯುಎಸ್‌ಬಿಗೆ ಹಾಕಿದಾಗ ‘ಸ್ವಾಗತ’ ಚೆಂದವಾಗಿ ಓಡುತ್ತಿತ್ತು. ಪ್ರದರ್ಶನದಲ್ಲಿ ಕಿಟ್ ಜೊತೆ ಬಂದಿದ್ದ 9 ವೋಲ್ಟ್ ಬ್ಯಾಟರಿ ಸಿಕ್ಕಿಸಿದಳು. ಸ್ವಲ್ಪ ಹೊತ್ತು ಸರಿ ಇತ್ತು. ಆಮೇಲೆ ‘ಸ್ವಾ’ ಬರುತ್ತದೆ, ಕತ್ತಲು. ಮತ್ತೆ ‘ಸ್ವಾ’, ಮತ್ತೆ ಕತ್ತಲು. ‘ಗತ’ ಬರಲೇ ಇಲ್ಲ. ತೀರ್ಪುಗಾರರು ನೋಡಿ, ‘ಪ್ರೋಗ್ರಾಮ್ ಸರಿ ಇಲ್ಲಮ್ಮ, ಮುಂದಿನ ಸಲ ಸರಿಯಾಗಿ ಮಾಡ್ಕೊಂಡು ಬಾ’ ಅಂದು ಮುಂದಿನ ಮೇಜಿಗೆ ಹೋದರು.

ಪ್ರೋಗ್ರಾಮ್ ಸರಿಯಾಗಿಯೇ ಇತ್ತು. ಬೋರ್ಡಿನ 5 ವೋಲ್ಟ್ ಪಿನ್ನಿಗೆ ಮೀಟರ್ ಹಿಡಿದು ನೋಡಿದೆ. ಅಕ್ಷರ ಹತ್ತಿದ ತಕ್ಷಣ 4ಕ್ಕಿಂತ ಕೆಳಗೆ ಬೀಳುತ್ತಿತ್ತು. ಆ ಚೌಕಗಳನ್ನು ನಡೆಸುವ ಮ್ಯಾಕ್ಸ್ 7219 ಚಿಪ್ಪಿಗೆ ಕಡಿಮೆ ಅಂದರೂ 4 ವೋಲ್ಟ್ ಬೇಕು. ಯುನೊ ಬೋರ್ಡು ಸುಮಾರು 2.7 ವೋಲ್ಟಿಗೆ ಇಳಿದರೆ ತಾನಾಗಿ ನಿಂತು, ವೋಲ್ಟೇಜ್ ಮೇಲೆ ಬಂದ ಮೇಲೆ ಮೊದಲಿನಿಂದ ಶುರು ಮಾಡುತ್ತದೆ. ಹಳ್ಳಿಯಲ್ಲಿ ಪಂಪ್‌ಸೆಟ್ ಶುರುವಾದಾಗ ಮನೆಯ ಬಲ್ಬ್ ಮಂಕಾಗುತ್ತದಲ್ಲ, ಅದೇ ಕತೆ. ಇಲ್ಲಿ ಡಿಸ್‌ಪ್ಲೇನೇ ಪಂಪ್‌ಸೆಟ್, ಬೋರ್ಡು ಬಲ್ಬ್.

ಲೆಕ್ಕ ಕಷ್ಟದ್ದಲ್ಲ. ಎಲ್ಲ ಚುಕ್ಕಿ ಪೂರ್ತಿ ಬೆಳಕಲ್ಲಿ ಹತ್ತಿದರೆ ಒಂದು ಚೌಕ ಸುಮಾರು 330 ಮಿಲಿಆಂಪ್ ಕರೆಂಟ್ ಎಳೆಯುತ್ತದೆ (ಸಾವಿರ ಮಿಲಿಆಂಪ್ ಅಂದರೆ ಒಂದು ಆಂಪ್). ನಾಲ್ಕಕ್ಕೆ 1.3 ಆಂಪ್. ಅಕ್ಷರ ಮಾತ್ರ ಬಂದರೆ ಕಾಲು ಭಾಗ ಚುಕ್ಕಿ ಹತ್ತಬಹುದು, ಆಗಲೂ 300ರಿಂದ 400 ಮಿಲಿಆಂಪ್. ಆ ಪುಟ್ಟ ಬ್ಯಾಟರಿ ಇರುವುದು ಮಲ್ಟಿಮೀಟರ್, ಹೊಗೆ ಅಲಾರಂ ಥರದ, ಚೂರೇಚೂರು ಕರೆಂಟ್ ಎಳೆಯುವ ಸಾಮಾನಿಗೆ. ಒಳ್ಳೆಯ ಆಲ್ಕಲೈನ್ ಆದರೂ ಅದರಲ್ಲಿರುವುದು ಸುಮಾರು 500 ಮಿಲಿಆಂಪ್ ಅವರ್, ಅಂದರೆ 50 ಮಿಲಿಆಂಪ್ ಎಳೆದರೆ ಹತ್ತು ಗಂಟೆಯ ಲೆಕ್ಕ, ಅದೂ ನಿಧಾನಕ್ಕೆ ಎಳೆದರೆ. ಜಾಸ್ತಿ ಎಳೆದರೆ ಒಳಗೇ ಕುಸಿಯುತ್ತದೆ. ಇನ್ನೊಂದು, ಬೋರ್ಡಿನ ರೆಗ್ಯುಲೇಟರ್ 9 ವೋಲ್ಟನ್ನು 5ಕ್ಕೆ ಇಳಿಸುವಾಗ ಉಳಿದ 4 ವೋಲ್ಟ್ ಬರೀ ಬಿಸಿಯಾಗಿ ಹೋಗುತ್ತದೆ. ಹತ್ತಿರ ಹತ್ತಿರ ಅರ್ಧ ಬ್ಯಾಟರಿ ದಂಡ.

ಅಷ್ಟರಲ್ಲಿ ಮೇಷ್ಟ್ರೊಬ್ಬರು ಹಳೆಯ ಸೆಟ್‌ಟಾಪ್ ಬಾಕ್ಸಿನ 12 ವೋಲ್ಟ್ ಅಡಾಪ್ಟರ್ ತಂದುಕೊಟ್ಟರು. ಅವರ ಕಾಳಜಿ ದೊಡ್ಡದು. ಯುನೊಗೆ 7ರಿಂದ 12 ವೋಲ್ಟ್ ಕೊಡಬಹುದು ಅಂತ ಬರೆದೇ ಇರುತ್ತದೆ, ಹಾಗಾಗಿ ಅವರದು ತಪ್ಪೂ ಅಲ್ಲ. ಆದರೆ ಈಗ ಬಿಸಿಯಾಗಿ ಹೋಗಬೇಕಾದ್ದು 7 ವೋಲ್ಟ್. ಅದನ್ನು 0.4 ಆಂಪ್‌ನಿಂದ ಗುಣಿಸಿದರೆ 2.8 ವ್ಯಾಟ್, ಉಗುರಿನಷ್ಟು ಸಣ್ಣ ರೆಗ್ಯುಲೇಟರ್ ಮೇಲೆ. ಐದು ನಿಮಿಷಕ್ಕೆ ಬೆರಳಿಡಲು ಆಗಲಿಲ್ಲ. ಅದು ತನ್ನನ್ನು ಉಳಿಸಿಕೊಳ್ಳಲು ಕರೆಂಟ್ ನಿಲ್ಲಿಸಿತು, ಫಲಕ ಮತ್ತೆ ಕತ್ತಲು.

ಮಾರನೇ ದಿನ ಅವಳನ್ನು ಅಂಗಡಿಗೆ ಕರೆದು 5 ವೋಲ್ಟ್ 2 ಆಂಪ್ ಅಡಾಪ್ಟರ್ ಹಾಕಿಸಿದೆ. ಅಡಾಪ್ಟರಿನಿಂದ ಡಿಸ್‌ಪ್ಲೇಗೆ ನೇರವಾಗಿ ದಪ್ಪ ವೈರ್, ಅಲ್ಲಿಂದಲೇ ಬೋರ್ಡಿನ 5 ವೋಲ್ಟ್ ಪಿನ್ನಿಗೆ ಇನ್ನೊಂದು, ಎರಡರ ಗ್ರೌಂಡೂ (ಮೈನಸ್) ಒಟ್ಟಿಗೆ. ವೋಲ್ಟೇಜ್ ಏರಿಳಿತ ತಡೆಯಲು ಡಿಸ್‌ಪ್ಲೇ ಹತ್ತಿರ 1000 ಮೈಕ್ರೋಫ್ಯಾರಡ್ ಕೆಪಾಸಿಟರ್. ಬೆಳಕಿಗೆ ಆ ಚಿಪ್ಪಿನಲ್ಲಿ 16 ಹಂತ ಇವೆ, ಅವಳು ಕೊನೇ ಹಂತ ಇಟ್ಟಿದ್ದಳು, ನಾಲ್ಕಕ್ಕೆ ಇಳಿಸಿದೆವು. ಒಳಗೆ ಅಷ್ಟೇ ಚೆನ್ನಾಗಿ ಕಾಣುತ್ತದೆ. ಸಂಜೆ ಅಂಗಡಿ ಮುಚ್ಚುವ ತನಕ ‘ಸ್ವಾಗತ’ ಓಡುತ್ತಲೇ ಇತ್ತು. ಅವಳು ಅದನ್ನು ನೋಡುತ್ತಾ, ‘ಅಂಕಲ್, ನನ್ ಪ್ರೋಗ್ರಾಮ್ ಸರಿ ಇತ್ತಲ್ವಾ’ ಅಂತ ಎರಡು ಸಲ ಕೇಳಿದಳು.

ಆ 5 ವೋಲ್ಟ್ ಪಿನ್ನಿಗೆ ನೇರ ಕೊಡುವಾಗ ಮಾತ್ರ ಹುಷಾರು. ಅಲ್ಲಿ ಕಾಯಲು ರೆಗ್ಯುಲೇಟರ್ ಇಲ್ಲ. ಪ್ಲಸ್ ಮೈನಸ್ ತಿರುಗಿದರೆ, ಅಥವಾ ಗೊತ್ತಾಗದೆ 9 ವೋಲ್ಟ್ ಕೊಟ್ಟರೆ ಬೋರ್ಡ್ ಹೋಯಿತು ಅಂತಲೇ ಲೆಕ್ಕ. ಮೀಟರ್ ಹಿಡಿದು ನೋಡಿ ಆಮೇಲೆ ಸಿಕ್ಕಿಸಬೇಕು. ವೈರ್ ವಿಷಯವೂ ಅಷ್ಟೇ. ಕೂದಲಿನಂಥ ಜಂಪರ್ ವೈರ್ ಪ್ರೋಗ್ರಾಮಿನ ಸಂದೇಶ ಸಾಗಿಸಲು ಸಾಕು, ಡಿಸ್‌ಪ್ಲೇಗೆ ಕರೆಂಟ್ ಕೊಡಲು ಸಾಲದು.

ತುಂಬಾ ತಂದೆತಾಯಿ ನನ್ನನ್ನು ಕೇಳುವುದು, ‘2 ಆಂಪ್ ಹಾಕಿದ್ರೆ ಬೋರ್ಡ್ ಸುಟ್ಟು ಹೋಗಲ್ವಾ?’ ಹೋಗುವುದಿಲ್ಲ. ವೋಲ್ಟನ್ನು ಕೊಡುವುದು ಅಡಾಪ್ಟರ್, ಆಂಪನ್ನು ಎಳೆದುಕೊಳ್ಳುವುದು ಬೋರ್ಡ್. ವೋಲ್ಟ್ ಸರಿಯಾಗಿ ಹೊಂದಬೇಕು, ಆಂಪ್ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಇರಬೇಕು.

ಯಾವ ಡಿಸ್‌ಪ್ಲೇ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಒಂದು ಇಂಚಿಗಿಂತ ಸಣ್ಣ ಓಎಲ್‌ಇಡಿ ಪರದೆಗೆ ಹತ್ತಿಪ್ಪತ್ತು ಮಿಲಿಆಂಪ್ ಸಾಕು, ಅಲ್ಲಿ ಪವರ್ ಬ್ಯಾಂಕ್ ಇಟ್ಟರೆ ಉಲ್ಟಾ ತೊಂದರೆ, ಏನೂ ಸಿಕ್ಕಿಸಿಲ್ಲ ಅಂದುಕೊಂಡು ಅದು ತಾನೇ ಆಫ್ ಆಗಬಹುದು. ಬಣ್ಣದ ಡಬ್ಲ್ಯುಎಸ್ 2812 ಪಟ್ಟಿ ಅಂದರೆ ಪೂರ್ತಿ ಬಿಳಿಗೆ ಒಂದೊಂದು ಎಲ್‌ಇಡಿಗೂ ಸುಮಾರು 60 ಮಿಲಿಆಂಪ್, 60 ಎಲ್‌ಇಡಿಗೆ 3.6 ಆಂಪ್. ಇಎಸ್‌ಪಿ 32 ಬೋರ್ಡು ವೈಫೈ ಹಚ್ಚಿದ ಗಳಿಗೆಯಲ್ಲಿ ಜೋರಾಗಿ ಎಳೆಯುತ್ತದೆ. ಕಂಪ್ಯೂಟರ್ ಪರದೆಯಲ್ಲಿ ‘ಬ್ರೌನ್‌ಔಟ್’ (ವೋಲ್ಟೇಜ್ ಕುಸಿಯಿತು ಅಂತ ಅರ್ಥ) ಅನ್ನುವ ಪದ ಕಂಡರೆ ಮೊದಲು ಅಡಾಪ್ಟರ್, ಕೇಬಲ್ ಬದಲಿಸಿ ನೋಡಿ.

ಒಂದು ಮಾತು ಮಾತ್ರ ಜೋರಾಗಿಯೇ ಹೇಳುತ್ತೇನೆ. ದೊಡ್ಡ ಫಲಕಗಳಿಗೆ ಬರುವ ತೂತು ತಗಡಿನ ಎಸ್‌ಎಂಪಿಎಸ್ ಅನ್ನುವ ಪವರ್ ಡಬ್ಬಿಯಲ್ಲಿ 230 ವೋಲ್ಟಿನ ಸ್ಕ್ರೂಗಳು ಕೈಗೆ ಸಿಗುವ ಹಾಗೆ ಇರುತ್ತವೆ. ಅದನ್ನು ಮಕ್ಕಳ ಮೇಜಿನ ಮೇಲೆ ಬಿಚ್ಚಿ ಇಡಲೇಬೇಡಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತಿರುವ, ಪೂರ್ತಿ ಮುಚ್ಚಿದ ಅಡಾಪ್ಟರ್ ತೆಗೆದುಕೊಳ್ಳಿ.

2025ರ ಕೇಂದ್ರ ಬಜೆಟ್‌ನಲ್ಲಿ ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಿಗೆ ಮಕ್ಕಳು ಕೈಯಾರೆ ಮಾಡಿ ಕಲಿಯುವ 50,000 ಅಟಲ್ ಟಿಂಕರಿಂಗ್ ಲ್ಯಾಬ್ ಅಂತ ಹೇಳಿದ್ದಾರೆ. ಖುಷಿಯ ವಿಷಯ. ಆ ಲ್ಯಾಬ್‌ಗಳಿಗೆ ಸಾಮಾನು ಕೊಳ್ಳುವವರು ಬೋರ್ಡಿನ ಜೊತೆ 5 ವೋಲ್ಟ್ ಅಡಾಪ್ಟರ್ ಮತ್ತು ಒಂದು ಮಲ್ಟಿಮೀಟರ್ ಕೂಡ ಪಟ್ಟಿಗೆ ಸೇರಿಸಲಿ. ಪ್ರದರ್ಶನ ನಡೆಸುವವರು ಮೇಜಿಗೊಂದು ಪ್ಲಗ್ ಪಾಯಿಂಟ್ ಕೊಡಲಿ. ತೀರ್ಪುಗಾರರು ‘ಕೆಲಸ ಮಾಡ್ತಿಲ್ಲ’ ಅಂತ ಬರೆಯುವ ಮುಂಚೆ ಬೇರೆ ಅಡಾಪ್ಟರ್ ಹಾಕಿ ನೋಡಲು ಮಗುವಿಗೆ ಹತ್ತು ನಿಮಿಷ ಬಿಡಲಿ. ಮತ್ತೆ ನಿಮ್ಮಲ್ಲಿ ಒಂದು ಕೋರಿಕೆ. ಯಾವ ಡಿಸ್‌ಪ್ಲೇ ಎಷ್ಟು ಕರೆಂಟ್ ಎಳೆಯುತ್ತದೆ ಅನ್ನುವ ಒಂದು ಚಿಕ್ಕ ಪಟ್ಟಿಯನ್ನು ಪ್ರದರ್ಶನಗಳು ಶುರುವಾಗುವ ಮುಂಚೆ ವಿದ್ಯಾರ್ಥಿಗಳ ಪುಟದಲ್ಲಿ ಹಾಕಿ. ಕತ್ತರಿಸಿ ಲ್ಯಾಬ್ ಗೋಡೆಗೆ ಅಂಟಿಸುವಷ್ಟು ದೊಡ್ಡ ಅಕ್ಷರದಲ್ಲಿ.

– ಒಬ್ಬ ರಿಪೇರಿ ಅಂಗಡಿಯವ, ತುಮಕೂರು ಜಿಲ್ಲೆ