ಹೊಸ ಕಂಪ್ಯೂಟರ್ ಕಳಿಸಬೇಡ

ಹಾಸನ
16 ನವೆಂಬರ್ 2025, ಭಾನುವಾರ

ಚಿ. ರಚನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವು ಕ್ಷೇಮ. ಚಳಿಗೆ ನಿನ್ನ ದೊಡ್ಡಮ್ಮನ ಮಂಡಿನೋವು ಸ್ವಲ್ಪ ಜೋರಾಗಿದೆ, ಅಷ್ಟೇ. ಊರಲ್ಲಿ ರಾಗಿ ಕುಯಿಲು ಶುರುವಾಗಿದೆ. ಆಳು ಸಿಗದೆ ನಿಮ್ಮಪ್ಪ ಮಿಷನ್ನಿಗೆ ಹೇಳಿದ್ದಾನೆ.

ಮೊನ್ನೆ ಫೋನಿನಲ್ಲಿ, "ದೊಡ್ಡಪ್ಪ, ಆ ಹಳೇ ಕಂಪ್ಯೂಟರ್ ಡಬ್ಬಾನ ಗುಜರಿಗೆ ಹಾಕಿ. ಸಂಕ್ರಾಂತಿಗೆ ಹೊಸ ಲ್ಯಾಪ್‌ಟಾಪ್ ಕಳಿಸ್ತೀನಿ, ಜೊತೆಗೊಂದು ಮಾತಾಡೋ ಸ್ಪೀಕರು" ಅಂದೆ. ದೊಡ್ಡಮ್ಮ ಪಕ್ಕದಲ್ಲೇ ಇದ್ದಳು, ಅವಳಿಗೆ ಸ್ಪೀಕರಿನ ಮೇಲೆ ಸಣ್ಣ ಆಸೆ, ಹಾಗಾಗಿ ನಾನು ಬಾಯಿಬಿಡಲಿಲ್ಲ. ಬಾಯಿಬಿಟ್ಟಿದ್ದರೂ ನೀನು "ಆಯ್ತು ಆಯ್ತು" ಅಂದು ಫೋನಿಡುತ್ತಿದ್ದೆ. ಕಾಗದವಾದರೆ ಮಧ್ಯದಲ್ಲಿ ಬಾಯಿ ಹಾಕೋಕಾಗಲ್ಲ. ಅಂದ ಹಾಗೆ ಇದನ್ನು ಟೈಪ್ ಮಾಡಿದ್ದು ಅದೇ ಡಬ್ಬದಲ್ಲಿ.

ಆ ಡಬ್ಬ 2014ರಲ್ಲಿ ಡಿಟಿಪಿ ಅಂಗಡಿಗೆ ಅಂತ ತಂದದ್ದು. ಅಂಗಡಿ ಮುಚ್ಚಿದ ಮೇಲೆ ಮನೆಗೆ ಬಂತು. ಕಳೆದ ತಿಂಗಳು 14ಕ್ಕೆ ವಿಂಡೋಸ್ 10ರ ಬೆಂಬಲ, ಅಂದರೆ ಭದ್ರತೆಯ ಅಪ್‌ಡೇಟು, ಮುಗಿಯಿತು ಅಂತ ಮೈಕ್ರೋಸಾಫ್ಟ್ ಹೇಳಿತು. ಸರಿ, ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 ಅನ್ನೋ ಭದ್ರತೆಯ ಚಿಪ್ಪು ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರಾದರೂ ಇರಬೇಕು. ನಮ್ಮದು ನಾಲ್ಕನೆಯದು. ಕೀಲಿ ಒತ್ತಿದರೆ ಅಕ್ಷರ ಮೂಡುತ್ತೆ, ಫ್ಯಾನ್ ತಿರುಗುತ್ತೆ, ಪರದೆಯಲ್ಲಿ ಒಂದು ಚುಕ್ಕೆ ಸತ್ತಿಲ್ಲ. ಕೆಟ್ಟಿರೋದಾದರೂ ಏನು? ಉಳೋ ಎತ್ತನ್ನು ನೊಗದಿಂದಲೇ ಬಿಚ್ಚಿ ಸಂತೆಗೆ ಹೊಡೆದ ಹಾಗಾಯಿತು.

ಪಕ್ಕದ ಮನೆಯ ಇಂಜಿನಿಯರಿಂಗ್ ಹುಡುಗನನ್ನು ಕರೆದು, ಹಳೇ ಹಾರ್ಡ್‌ಡಿಸ್ಕ್ ತೆಗೆಸಿ ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ, ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಅನ್ನೋದನ್ನು ಕೂರಿಸಿದೆ. ಈಗ ಮೊದಲಿಗಿಂತ ಚುರುಕು. ಎಲ್ಲಾ ಸಲೀಸು ಅಂತ ಸುಳ್ಳು ಹೇಳಲ್ಲ. ಸ್ಕ್ಯಾನರ್ ಎರಡು ವಾರ ಮುನಿಸಿಕೊಂಡಿತ್ತು. ಕೀಬೋರ್ಡಿನ ಅಭ್ಯಾಸ ತಪ್ಪಿ ಒತ್ತಕ್ಷರಕ್ಕೆಲ್ಲ ತಡಕಾಡಿದೆ. ಒಂದು ದಿನ ಸಿಟ್ಟು ಬಂದು ಹುಡುಗನ ಮೇಲೆ ರೇಗಿದೆ, ಪಾಪ, ಅವನು ಕಾಫಿಯನ್ನೂ ಕುಡಿಯದೆ ಹೋದ. ಆದರೂ ಇದು ಮುದುಕರ ಕೈಗೆ ಒಗ್ಗದ್ದು ಅಂತ ಮಾತ್ರ ಅನ್ನಬೇಡ. ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಯ ಮಕ್ಕಳು ಎಷ್ಟೋ ವರ್ಷದಿಂದ ಲಿನಕ್ಸಿನಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ.

ದೊಡ್ಡಪ್ಪನಿಗೆ ಯಾಕಿಷ್ಟು ಹಟ ಅಂದುಕೊಳ್ಳುತ್ತೀಯ. ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ.

ನಿನ್ನಜ್ಜಿ ಸೋಬಾನೆ ಹೇಳುತ್ತಿದ್ದದ್ದು ನೀನು ಕೇಳಿಲ್ಲ, ನೀನು ಹುಟ್ಟುವ ಹೊತ್ತಿಗೆ ಅವಳ ದನಿ ಹೋಗಿತ್ತು. ಎಣ್ಣೆ ಶಾಸ್ತ್ರಕ್ಕೊಂದು, ಧಾರೆಗೊಂದು, ಹೆಣ್ಣು ಒಪ್ಪಿಸೋಕೊಂದು ಅಂತ ರಾತ್ರಿಯೆಲ್ಲಾ ಹೇಳಿದರೂ ಮುಗಿಯದಷ್ಟು ಪದ ಅವಳ ಹತ್ತಿರ ಇದ್ದವು. 1998ರಲ್ಲಿ ನಾನು ಹೊಸದಾಗಿ ಕಂಪ್ಯೂಟರ್ ಇಟ್ಟ ಉಮೇದಿನಲ್ಲಿ ಅವಳನ್ನು ಊರಿಂದ ಕರೆಸಿಕೊಂಡು, ಸಂಜೆ ಗಿರಾಕಿಗಳು ಹೋದ ಮೇಲೆ ಅಂಗಡಿಯಲ್ಲೇ ಕೂರಿಸಿ, ಅವಳು ಹೇಳಿದ್ದನ್ನು ಹೇಳಿದ ಹಾಗೇ ಟೈಪ್ ಮಾಡಿದೆ. ಎರಡು ತಿಂಗಳು ಹಿಡಿಯಿತು, 140 ಪುಟ ಆಯಿತು. ನಡುನಡುವೆ ನಿಲ್ಲಿಸಿ, "ಇದ್ರೊಳಗೆ ಇಟ್ರೆ ಹುಳ ಹಿಡಿಯಲ್ವೇನಪ್ಪಾ?" ಅಂತ ಕೇಳೋಳು. ಹಿಡಿಯಲ್ಲಮ್ಮ ಅಂತ ಜಂಬದಿಂದ ಹೇಳಿದ್ದೆ.

ಆಗ ನಾನು ಬಳಸುತ್ತಿದ್ದ ಕನ್ನಡ ತಂತ್ರಾಂಶ ಒಂದು ಖಾಸಗಿ ಕಂಪನಿಯದು, ಹೆಸರು ಬೇಡ. ಅದರ ಜೊತೆ ಹೆಬ್ಬೆರಳುದ್ದದ ಡಾಂಗಲ್ ಕೊಟ್ಟಿದ್ದರು. ಕಂಪ್ಯೂಟರಿನ ಹಿಂದೆ, ಪ್ರಿಂಟರ್ ಸಿಕ್ಕಿಸುವ ಕಡೆ ಅದನ್ನು ಸಿಕ್ಕಿಸಿದರೆ ಮಾತ್ರ ತಂತ್ರಾಂಶ ತೆರೆಯುತ್ತಿತ್ತು. ಕಳ್ಳ ಪ್ರತಿ ಮಾಡದಿರಲಿ ಅಂತ ಬೀಗ. ನಾನು ಕಳ್ಳನಲ್ಲ, ದುಡ್ಡು ಕೊಟ್ಟು ರಸೀದಿ ತಗೊಂಡವನು. ಏಳೆಂಟು ವರ್ಷ ಚೆನ್ನಾಗಿಯೇ ನಡೆಯಿತು. ಒಂದು ಮಳೆಗಾಲ ಸಿಡಿಲಿಗೆ ಡಾಂಗಲ್ ಸುಟ್ಟಿತು. ಕಂಪನಿಗೆ ಫೋನ್ ಮಾಡಿದರೆ, ಆ ಆವೃತ್ತಿ ನಿಲ್ಲಿಸಿದ್ದೀವಿ, ಹೊಸದು ಕೊಳ್ಳಿ ಅಂದರು. ಹೊಸದನ್ನು ಕೊಂಡೆ. ಹಳೆಯ ಫೈಲನ್ನು ಅದು ತೆರೆಯಿತು, ಆದರೆ ಪರದೆ ತುಂಬ ಪೌಂಡ್ ಗುರುತು, ತಲೆಯ ಮೇಲೆ ಗೆರೆ ಎಳೆದ ಇಂಗ್ಲಿಷ್ ಅಕ್ಷರ, ಪ್ರಶ್ನಾರ್ಥಕ ಚಿಹ್ನೆ. ನಮ್ಮಮ್ಮನ ಒಂದು ಸಾಲೂ ಅದರಲ್ಲಿರಲಿಲ್ಲ. ಅಷ್ಟರಲ್ಲಿ ಅವಳೂ ಇರಲಿಲ್ಲ.

ಯಾಕೆ ಹಾಗಾಯಿತು ಅನ್ನೋದು ನನಗೆ ಆಮೇಲೆ ತಿಳಿಯಿತು. ಆ ಕಾಲದ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿ ಕಣ್ಕಟ್ಟು ಮಾಡುತ್ತಿದ್ದವು. ಕಂಪ್ಯೂಟರಿನ ಲೆಕ್ಕದಲ್ಲಿ ಅಲ್ಲಿ ಕನ್ನಡ ಇರಲೇ ಇಲ್ಲ. ಯಾವ ಚೂರು ಎಲ್ಲಿ ಅನ್ನೋದು ಒಂದೊಂದು ಕಂಪನಿಗೆ ಒಂದೊಂದು ಥರ, ಆ ಫಾಂಟ್ ಹೋದರೆ ಬರಹವೂ ಹೋಯಿತು. ಪ್ರತಿ ಅಕ್ಷರಕ್ಕೂ ಎಲ್ಲಾ ಕಡೆ ಒಂದೇ ಸಂಖ್ಯೆ ಗೊತ್ತು ಮಾಡಿರೋ ಯೂನಿಕೋಡಿನಲ್ಲಿ ಹಾಗಲ್ಲ. 'ಕ' ಅಂದರೆ 3221, ಜಪಾನಿನಲ್ಲಿ ತೆರೆದರೂ 3221. ಯಾವ ಕಂಪನಿಯೂ ಆ ಸಂಖ್ಯೆಗೆ ಬಾಡಿಗೆ ಕೇಳೋಕಾಗಲ್ಲ. ನೀನು ಫೋನಿನಲ್ಲಿ ಕನ್ನಡ ಕುಟ್ಟಿದ್ದು ನನ್ನ ಡಬ್ಬದಲ್ಲಿ ಕನ್ನಡವಾಗಿಯೇ ಮೂಡೋದು ಇದರಿಂದ.

ಅಮ್ಮನ ಪದಗಳ ಒಂದೇ ಒಂದು ಪ್ರಿಂಟು ಅಟ್ಟದ ಮೇಲಿತ್ತು. ಹುಡುಕಿ ತೆಗೆದರೆ ಗೆದ್ದಲು ಹತ್ತಿತ್ತು. ಅವಳು ಕೇಳಿದ ಹುಳದ ಮಾತು ಆಗ ನೆನಪಾಗಿ ಅಟ್ಟದಲ್ಲೇ ಕೂತುಬಿಟ್ಟೆ. ಓದೋಕಾದದ್ದು 83 ಪುಟ.

ಈಗ ಯೋಚನೆ ಮಾಡು. ಆ ಪದಗಳಿಗೆ ಒಡೆಯರು ಯಾರು? ಅಮ್ಮ ತನ್ನ ಅತ್ತೆಯ ಬಾಯಿಂದ ಕಲಿತಳು. ಬೇಕಾದಾಗ ಬೇಕಾದ ಮದುವೆಯಲ್ಲಿ ಹೇಳಿದಳು, ಯಾರ ಅಪ್ಪಣೆಯೂ ಬೇಕಿರಲಿಲ್ಲ. ಒಳಗಿನ ಕಟ್ಟು ಗೊತ್ತಿದ್ದರಿಂದ ಮದುಮಗಳ ಹೆಸರು, ಊರಿನ ಹೆಸರು ಬದಲಾಯಿಸಿ, ತನ್ನದೂ ಎರಡು ಸಾಲು ಸೇರಿಸಿದಳು. ಕೇಳಿದವರಿಗೆಲ್ಲ ಕಲಿಸಿದಳು. ತಾನು ತಿದ್ದಿದ್ದನ್ನೂ ಕಲಿಸಿದಳು. ಬಳಸೋದು, ಒಳಗೇನಿದೆ ಅಂತ ತಿಳಿದು ತಿದ್ದೋದು, ಹಂಚೋದು, ತಿದ್ದಿದ್ದನ್ನೂ ಹಂಚೋದು. ರಿಚರ್ಡ್ ಸ್ಟಾಲ್ಮನ್ ಅನ್ನೋ ಅಮೆರಿಕದವರು ತಂತ್ರಾಂಶಕ್ಕೆ ಬೇಕು ಅಂತ ಹೇಳೋ ನಾಲ್ಕು ಸ್ವಾತಂತ್ರ್ಯಗಳೂ ಇವೇ. ಅಲ್ಲಿನ ಎಂಐಟಿ ವಿಶ್ವವಿದ್ಯಾಲಯದಲ್ಲಿದ್ದಾಗ ಅವರನ್ನು ಕೆಣಕಿದ್ದೂ ಒಂದು ಪ್ರಿಂಟರೇ ಅಂತೆ. ಕಾಗದ ಸಿಕ್ಕಿಕೊಂಡರೆ ಎಲ್ಲರ ಪರದೆಗೂ ಸುದ್ದಿ ಹೋಗೋ ಹಾಗೆ ಹಳೆಯ ಪ್ರಿಂಟರಿಗೆ ಏನೋ ಮಾಡಿಕೊಂಡಿದ್ದರು. ಹೊಸ ಪ್ರಿಂಟರಿಗೂ ಹಾಗೇ ಮಾಡೋಣ ಅಂದರೆ ಅದರ ಮೂಲ ಸಂಕೇತವನ್ನೇ, ಅಂದರೆ ಅದರ ತಂತ್ರಾಂಶ ಬರೆದ ಸಾಲುಗಳನ್ನೇ, ಕೊಡಲಿಲ್ಲ. 1983ರಲ್ಲಿ ಅವರು ಅಂಥ ಸ್ವತಂತ್ರ ತಂತ್ರಾಂಶ ಕಟ್ಟೋ ಗ್ನೂ ಯೋಜನೆ ಸಾರಿದರು, 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸಿನ ಕರ್ನೆಲ್, ಅಂದರೆ ಕಂಪ್ಯೂಟರ್ ನಡೆಸೋ ತಂತ್ರಾಂಶದ ತಿರುಳು, ಬರೆದು ಹಂಚಿದ. ನಿನ್ನ ಕಿಸೆಯ ಆಂಡ್ರಾಯ್ಡ್ ಫೋನಿನ ಅಡಿಪಾಯವೂ ಅದೇ ಕರ್ನೆಲ್.

ಇಂಗ್ಲಿಷಿನವರಿಗೆ ಪುಕ್ಕಟೆ ಅನ್ನೋಕೂ ಸ್ವತಂತ್ರ ಅನ್ನೋಕೂ 'ಫ್ರೀ' ಅನ್ನೋ ಒಂದೇ ಪದ, ಅದಕ್ಕೇ ಅವರು ಅದನ್ನು ಬಿಡಿಸಿ ಹೇಳೋದರಲ್ಲೇ ಸುಸ್ತಾಗುತ್ತಾರೆ. ನಮಗೆ ಆ ತಾಪತ್ರಯ ಇಲ್ಲ. ಆದರೂ ನಾವು ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅನ್ನೋ ಜನ. ಫೋಟೋ ಇಡೋಕೆ ಗೂಗಲ್ ಕೊಟ್ಟ 15 ಜಿಬಿ ತುಂಬಿತು, ಈಗ ತಿಂಗಳು ತಿಂಗಳು ಕಟ್ಟುತ್ತಿದ್ದೀನಿ ಅಂತ ನೀನೇ ಹೇಳಿದೆಯಲ್ಲ. ದುಡ್ಡು ಕೊಡೋದು ತಪ್ಪಲ್ಲ, ಜಾಗಕ್ಕೆ ಖರ್ಚಿದೆ. ನಾನು ಕೇಳೋದು ಇಷ್ಟೇ: ನಾಳೆ ಬೇಡ ಅನ್ನಿಸಿದರೆ ಗಂಟುಮೂಟೆ ಕಟ್ಟಿಕೊಂಡು ಹೊರಡೋಕೆ ದಾರಿ ಗೊತ್ತಾ? ಗೂಗಲ್ಲಿನಲ್ಲಿ ದಾರಿ ಇದೆ, ಟೇಕ್‌ಔಟ್ ಅಂತ. ಒಂದು ಭಾನುವಾರ ಕೂತು ಎಲ್ಲಾ ಇಳಿಸಿ ಒಂದು ಹಾರ್ಡ್‌ಡಿಸ್ಕಿಗೆ ಹಾಕಿಕೋ. ಎಲ್ಲಾ ಕಡೆ ಆ ದಾರಿ ಇರಲ್ಲ. 2009ರಲ್ಲಿ ಅಮೆಜಾನ್ ತಾನೇ ಮಾರಿದ್ದ ಜಾರ್ಜ್ ಆರ್ವೆಲ್ ಇ-ಪುಸ್ತಕಗಳನ್ನು ಗಿರಾಕಿಗಳ ಓದೋ ಸಾಧನ ಕಿಂಡಲ್‌ನಿಂದ ದೂರದಲ್ಲಿ ಕೂತೇ ಅಳಿಸಿತು. ಅವನ್ನು ಅಲ್ಲಿ ಮಾರಾಟಕ್ಕಿಟ್ಟ ಪ್ರಕಾಶಕನಿಗೆ ಹಕ್ಕಿರಲಿಲ್ಲ ಅನ್ನೋದು ಕಾರಣ, ದುಡ್ಡನ್ನೂ ವಾಪಸ್ ಕೊಟ್ಟರು. ಆದರೆ ಮಾರಿದ ಪುಸ್ತಕವನ್ನು ಅಂಗಡಿಯವನು ರಾತ್ರೋರಾತ್ರಿ ನಿನ್ನ ಕಪಾಟಿಂದ ತೆಗೆದು, ಮೇಜಿನ ಮೇಲೆ ದುಡ್ಡಿಟ್ಟು ಹೋದರೆ ಸುಮ್ಮನಿರುತ್ತೀಯಾ?

ನಿಮ್ಮಪ್ಪನನ್ನು ಕೇಳು, ಇದು ಅವನಿಗೆ ನಿನಗಿಂತ ಬೇಗ ಅರ್ಥವಾಗುತ್ತೆ. ನಮ್ಮ ಕಡೆ ಆಲೂಗೆಡ್ಡೆ ಬಿತ್ತನೆ ಪ್ರತಿ ವರ್ಷ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಯಲ್ಲಿ ಬರಬೇಕು. ಇಲ್ಲಿ ಬೆಳೆದದ್ದನ್ನೇ ಇಟ್ಟು ಮತ್ತೆ ಮತ್ತೆ ಬಿತ್ತಿದರೆ ನಂಜುರೋಗ ಹಿಡಿದು ಇಳುವರಿ ಕುಸಿಯುತ್ತೆ. ಅಂಗಮಾರಿ ಬಿದ್ದ ವರ್ಷವಂತೂ ಬಿತ್ತನೆಯ ಸಾಲವೂ ಹುಟ್ಟಲ್ಲ. ರಾಗಿ ಹಾಗಲ್ಲ. ಕಣದಲ್ಲೇ ಒಳ್ಳೆಯ ತೆನೆ ಆರಿಸಿ ಎತ್ತಿಟ್ಟರೆ ಮುಂದಿನ ವರ್ಷದ ಬೀಜ ಮನೆಯಲ್ಲೇ. ನಿಮ್ಮಜ್ಜ ನೆಲದೊಳಗೆ ತೋಡಿದ ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು, ಬರ ಬಂದಾಗ ಬಾಯಿ ತೆಗೆದರೆ ಅರ್ಧ ಊರು ಉಂಡಿತ್ತು. ಹಾಗಂತ ಯಾರೂ ಆಲೂಗೆಡ್ಡೆ ಬಿಟ್ಟಿಲ್ಲ, ದುಡ್ಡು ನೋಡೋದು ಅದರಲ್ಲೇ. ಆದರೆ ಆಲೂಗೆಡ್ಡೆ ನಂಬಿ ರಾಗಿ ಬಿತ್ತನೆಯನ್ನು ಮಾರಿಕೊಂಡವರನ್ನು ನಾನು ನೋಡಿಲ್ಲ.

ಬೀಜಕ್ಕಾದರೂ ಕಾನೂನಿದೆ. ಬೆಳೆದ ಬೀಜವನ್ನು ಇಟ್ಟುಕೊಳ್ಳೋ, ಬಿತ್ತೋ, ಹಂಚೋ, ಬ್ರ್ಯಾಂಡ್ ಹಾಕದೆ ಮಾರೋ ಹಕ್ಕು ರೈತನಿಗೆ 2001ರ ಕಾಯಿದೆಯಲ್ಲೇ ಇದೆ. ಆದರೂ ತನ್ನ ಚಿಪ್ಸ್ ತಳಿ ಬೆಳೆದರು ಅಂತ ಪೆಪ್ಸಿಕೋ 2019ರಲ್ಲಿ ಗುಜರಾತಿನ ಆಲೂಗೆಡ್ಡೆ ರೈತರ ಮೇಲೆ ಕೇಸು ಹಾಕಿ, ಕೆಲವರಿಂದ ತಲಾ ಕೋಟಿ ರೂಪಾಯಿಗೂ ಮೇಲೆ ಪರಿಹಾರ ಕೇಳಿತು. ದೇಶದ ತುಂಬ ಗಲಾಟೆಯಾದ ಮೇಲೆ ಕೇಸು ವಾಪಸ್ ತಗೊಂಡಿತು. ರೈತರು ಗದ್ದಲ ಮಾಡಿದ್ದಕ್ಕೆ ಅಷ್ಟಾದರೂ ಆಯಿತು. ನಾವು ಕಂಪ್ಯೂಟರಿನ ಮುಂದೆ ಕೂತವರು 'ಒಪ್ಪಿದ್ದೇನೆ' ಅನ್ನೋ ಗುಂಡಿಯನ್ನು ಓದದೆ ಒತ್ತುತ್ತೇವೆ.

ಸ್ಪೀಕರ್ ವಿಷಯ. ಅದು ಕರೆದಾಗ ಓಗೊಡಬೇಕಾದರೆ ಕರೆಯೋ ತನಕ ಕಿವಿ ತೆರೆದುಕೊಂಡೇ ಕೂತಿರಬೇಕು. ಕರೆದ ಮೇಲೆ ಹೇಳಿದ್ದು ಯಾವುದೋ ದೂರದ ಸರ್ವರಿಗೆ ಹೋಗುತ್ತೆ. ಕರೆಯದಿದ್ದಾಗಲೂ ಕರೆದರು ಅಂತ ತಪ್ಪು ತಿಳಿದು ಎದ್ದು ಕೂರೋದೂ ಉಂಟು. ನಮ್ಮ ಮನೆಯಲ್ಲಿ ಗುಟ್ಟೇನಿದೆ ಅನ್ನಬಹುದು. ನಿಮ್ಮಪ್ಪ ಇಲ್ಲಿ ಕೂತು ಜಮೀನಿನ ಪಾಲಿನ ಮಾತಾಡುತ್ತಾನೆ, ನಿನ್ನ ಮದುವೆಯ ಮಾತಾಡುತ್ತಾನೆ (ಕೋಪ ಮಾಡಿಕೋಬೇಡ), ದೊಡ್ಡಮ್ಮ ತನ್ನ ಕಾಯಿಲೆ ಹೇಳಿಕೊಳ್ಳುತ್ತಾಳೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರಲ್ಲ, ಆ ಅರ್ಜಿ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ವಯಸ್ಸು ಎಂಬತ್ತು ದಾಟಿದ ಮೇಲೆ. ಅಂಥವರು ಗಳಿಸಿಕೊಟ್ಟದ್ದನ್ನು ಹವಾಮಾನ ಕೇಳೋ ಆಸೆಗೆ ಬಿಟ್ಟುಕೊಡಬೇಕಾ? ಮಳೆ ಬರುತ್ತಾ ಅಂತ ನೋಡೋಕೆ ನಮಗೆ ಕಿಟಕಿ ಇದೆ. ದೊಡ್ಡಮ್ಮನಿಗೆ ಹಾಡು ಕೇಳೋದಷ್ಟೇ ಬೇಕು. ಒಂದು ಒಳ್ಳೆ ರೇಡಿಯೋ ತಂದುಕೊಡು.

ನಾನೇನು ಮಡಿ ಉಟ್ಟು ಕೂತವನಲ್ಲ. ವಾಟ್ಸ್ಆ್ಯಪ್ ನನ್ನ ಫೋನಿನಲ್ಲೂ ಇದೆ, ಇಲ್ಲದಿದ್ದರೆ ನಮ್ಮ ವಂಶದಲ್ಲಿ ಯಾರು ಹುಟ್ಟಿದರು ಯಾರು ಸತ್ತರು ಅಂತ ಗೊತ್ತಾಗೋದೇ ಇಲ್ಲ. ಒಬ್ಬನೇ ಬಿಟ್ಟರೆ ಒಬ್ಬನೇ ಆಗುತ್ತೇನೆ, ಕಂಪನಿಗೇನೂ ಆಗಲ್ಲ. ಅಡುಗೆಮನೆಗೆ ಕಿವಿ ಬೇಡ, ಅಮ್ಮನ ಪದಕ್ಕೆ ಬೀಗ ಬೇಡ, ಈ ಎರಡರಲ್ಲಿ ಮಾತ್ರ ನನ್ನ ಹಟ.

ಹೊಸ ಫೋನನ್ನು ಕಂತಿನಲ್ಲಿ ತಗೊಂಡೆ ಅಂತ ನಿಮ್ಮಮ್ಮ ಹೇಳಿದಳು. ತಗೊಂಡಾಯಿತು, ಬಿಡು. ಮುಂದಿನ ಸಲ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳೋ ಮೊದಲು ಅಪ್‌ಡೇಟ್ ಎಷ್ಟು ವರ್ಷ, ಬ್ಯಾಟರಿ ಬದಲಾಯಿಸೋಕೆ ಎಷ್ಟು ಅಂತ ಕೇಳು. ಅಂಗಡಿ ಹುಡುಗ ನಿನ್ನ ಮುಖ ನೋಡುತ್ತಾನೆ, ನೋಡಲಿ. ನೀನು ಬರೆಯೋ ಕತೆಗಳನ್ನು ಯಾವುದೋ ಆ್ಯಪಿನೊಳಗೆ ಮಾತ್ರ ಇಟ್ಟಿದ್ದೀಯ ಅನ್ನೋದು ನನಗೆ ಫೋನಿಗಿಂತ ದೊಡ್ಡ ಚಿಂತೆ. ಈ ಕಾಗದ ನಾನು ಲಿಬ್ರೆಆಫೀಸ್ ಅನ್ನೋ ಸ್ವತಂತ್ರ ತಂತ್ರಾಂಶದಲ್ಲಿ ಬರೆದು ಓಡಿಟಿ ಫೈಲಾಗಿ ಇಟ್ಟಿದ್ದೀನಿ. ಅದರ ಒಳಕಟ್ಟು ಎಲ್ಲರಿಗೂ ತೆರೆದದ್ದು, 2006ರಿಂದ ಅಂತರರಾಷ್ಟ್ರೀಯ ಐಎಸ್‌ಒ ಮಾನಕ. ಲಿಬ್ರೆಆಫೀಸ್ ನಾಳೆ ನಿಂತರೂ ಇನ್ನೊಬ್ಬರು ಅದನ್ನು ತೆರೆಯೋ ತಂತ್ರಾಂಶ ಬರೆಯಬಹುದು. ನಿನ್ನ ಕತೆಗಳನ್ನೂ ಅದರಲ್ಲಿ ಒಂದು ಪ್ರತಿ ಇಡು.

ಆದ್ದರಿಂದ ಲ್ಯಾಪ್‌ಟಾಪ್ ಬೇಡ. ಆ ದುಡ್ಡಲ್ಲಿ ಕಂತು ಬೇಗ ತೀರಿಸು. ಸಂಕ್ರಾಂತಿಗೆ ನೀನು ಮಾತ್ರ ಬಾ, ಎರಡು ದಿನ ರಜೆ ಜಾಸ್ತಿ ಹಾಕಿಕೊಂಡು ಬಾ. 83 ಪುಟ ನಾನು ಯೂನಿಕೋಡಿನಲ್ಲಿ ಮತ್ತೆ ಟೈಪ್ ಮಾಡಿ ಮುಗಿಸಿದ್ದೀನಿ. ಉಳಿದ 57ರಲ್ಲಿ ಸುಮಾರು ಪದ ಆಲೂರಿನ ನಿಮ್ಮ ಸೋದರತ್ತೆಗೆ ಗೊತ್ತಿರಬೇಕು, ಅಮ್ಮನ ಪಕ್ಕ ಕೂತು ಸೊಲ್ಲು ಹಿಡಿಯುತ್ತಿದ್ದವಳು ಅವಳೇ. ಗಂಡಸರ ಮುಂದೆ ಹೇಳೋಕೆ ನಾಚಿಕೆ, ನಾನು ಹೋದರೆ ಮರೆತುಹೋಗಿದೆ ಅನ್ನುತ್ತಾಳೆ. ನೀನು ಹೋಗಿ ಕೂತರೆ ಹೇಳುತ್ತಾಳೆ. ರೆಕಾರ್ಡ್ ಮಾಡೋಕೆ ನಿನ್ನ ಹೊಸ ಫೋನೇ ಸಾಕು, ಕಂತಿನ ದುಡ್ಡಿಗೆ ಅಷ್ಟಾದರೂ ಕೆಲಸ ಮಾಡಲಿ. ಬೆಳಗಿನ ಹೊತ್ತು ಹೋಗು, ಮಧ್ಯಾಹ್ನದ ಮೇಲೆ ಅವಳಿಗೆ ದಮ್ಮು ಬರುತ್ತೆ. ಬಲಗಿವಿ ಕೇಳಲ್ಲ, ಎಡಗಡೆ ಕೂತುಕೋ.

ಇಂತಿ ನಿನ್ನ
ದೊಡ್ಡಪ್ಪ