ಹಿಡಿದದ್ದು ಒಂದು, ಹಿಡಿಯದ್ದು ಎಷ್ಟೋ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಬಂದು ನಾಲ್ಕು ದಿನವಾಯ್ತು. ಮನೆ ಸುದ್ದಿ ನಿನಗೆ ಗೊತ್ತೇ ಇದೆ, ಅದನ್ನು ಬಿಡುತ್ತೇನೆ. ಕೊನೆಯಲ್ಲಿ ಸುಮ್ನೆ ಸೇರಿಸಿದಂತೆ ಒಂದು ಸಾಲು ಬರೆದಿದ್ದೆಯಲ್ಲ, ಅದು ನನ್ನ ನಿದ್ದೆ ಕೆಡಿಸಿದೆ. "ಇದೊಂದು ತಪ್ಪು ಕಣ್ಣಿಗೆ ಬಿತ್ತು ದೊಡ್ಡಪ್ಪ. ಕಣ್ಣಿಗೆ ಬೀಳದೆ ಕೈ ದಾಟಿ ಹೋದದ್ದು ಎಷ್ಟಿವೆಯೋ!"

ನಿನ್ನ ಔಷಧಿ ಅಂಗಡಿಯಲ್ಲಿ ಮೆಥೋಟ್ರೆಕ್ಸೇಟ್ ಮಾತ್ರೆಗೆ ತಪ್ಪು ಲೇಬಲ್ ಬಿದ್ದಿದ್ದ ವಿಷಯ ಓದಿದಾಗ ಎದೆ ಧಸಕ್ಕೆಂದಿತು. ಕೀಲುವಾತಕ್ಕೆ ಅದನ್ನು ತೆಗೆದುಕೊಳ್ಳುವುದು ವಾರಕ್ಕೆ ಒಂದೇ ಸಲ. "ದಿನಕ್ಕೊಂದು" ಎಂಬ ಲೇಬಲ್ ಹಚ್ಚಿಕೊಂಡು ಅದು ಹೊರಗೆ ಹೋಗಿದ್ದರೆ ಏನಾಗುತ್ತಿತ್ತು ಅಂತ ನಿನಗೆ ನಾನು ಹೇಳಬೇಕಿಲ್ಲ. ಆ ಒಂದೇ ತಪ್ಪಿನಿಂದ ಜೀವ ಕಳೆದುಕೊಂಡವರಿದ್ದಾರೆ. ಆದರೆ ನೀನು ಹಿಡಿದೆ. ಹಿಡಿದದ್ದು ನಿನ್ನನ್ನು ಕಾಡುತ್ತಿಲ್ಲ, ಅದು ನನಗೆ ಅರ್ಥವಾಗುತ್ತದೆ. ಬಡಗಿ ಮಾಡಿದ ಕುರ್ಚಿ ಸೊಟ್ಟಗಿದ್ದರೆ ಅವನಿಗೇ ಕಾಣುತ್ತದೆ. ನಮ್ಮ ತಪ್ಪು ಯಾರದೋ ಮನೆಯ ಕಪಾಟಿನಲ್ಲಿ ಕೂತಿರುತ್ತದೆ, ನಮಗೆ ಕಾಣುವುದೇ ಇಲ್ಲ.

ನಿನ್ನ ಅಪ್ಪನಿಗೂ ಹೇಳದ ಒಂದು ಮಾತು ಹೇಳುತ್ತೇನೆ. ಆಗ ನನಗೆ ಮೂವತ್ತು ತುಂಬಿರಲಿಲ್ಲ. ನಮ್ಮ ಔಷಧಿ ಅಂಗಡಿಯಲ್ಲಿ ಎಲ್ಲವನ್ನೂ ಅಕ್ಷರದ ಸಾಲಿನಲ್ಲಿ ಜೋಡಿಸಿದ್ದೆವು. ಹೈಡ್ರಾಲಜಿನ್, ಹೈಡ್ರಾಕ್ಸಿಜಿನ್ ಅಕ್ಕಪಕ್ಕ. ಎರಡೂ 25 ಮಿಲಿಗ್ರಾಂ. ಒಂದು ರಕ್ತದೊತ್ತಡ ಇಳಿಸುವುದು, ಇನ್ನೊಂದು ತುರಿಕೆಗೆ. ಒಂದು ಸಂಜೆ ಜನ ಜಾಸ್ತಿ ಇದ್ದರು, ಫೋನ್ ಬೇರೆ ಬಡಿದುಕೊಳ್ಳುತ್ತಿತ್ತು. ತುರಿಕೆ ಅಂತ ಬಂದವರಿಗೆ ಒತ್ತಡದ ಮಾತ್ರೆ ಕಟ್ಟಿದ್ದೆ. ಕೊಡುವ ಹೊತ್ತಿಗೆ ಕಣ್ಣಿಗೆ ಬಿತ್ತು. ಬದಲಿಸಿ ಕೊಟ್ಟೆ. ಯಾರಿಗೂ ಹೇಳಲಿಲ್ಲ. ನಾಚಿಕೆ, ಮತ್ತೇನು? ಡಬ್ಬಿಗಳನ್ನು ಇದ್ದಲ್ಲೇ ಬಿಟ್ಟೆ.

ಮೂರು ತಿಂಗಳಾದ ಮೇಲೆ ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗ ಅದೇ ಕಪಾಟಿನಿಂದ ಅದೇ ತಪ್ಪು ಮಾತ್ರೆ ಕೊಟ್ಟ. ಅವನ ಕಣ್ಣಿಗೆ ಅದು ಬೀಳಲಿಲ್ಲ. ತೆಗೆದುಕೊಂಡವರು ವಯಸ್ಸಾದವರು, ತಲೆ ತಿರುಗಿ ಬಿದ್ದು ಕೈ ಮುರಿದುಕೊಂಡರು. ಎಲ್ಲರೂ ಹುಡುಗನನ್ನು ಬೈದರು. ನಾನು ಪಕ್ಕದಲ್ಲೇ ನಿಂತಿದ್ದೆ. ಆಗಲೂ ಬಾಯಿ ಬಿಡಲಿಲ್ಲ. ಅವನು ಸ್ವಲ್ಪ ದಿನಕ್ಕೆ ಕೆಲಸ ಬಿಟ್ಟು ಹೋದ.

ಹಿಡಿಯದೆ ಹೋದದ್ದು ಎಷ್ಟೋ ಅಂತ ನೀನು ಕೇಳುತ್ತೀಯ. ನಾನು ಹಿಡಿದದ್ದನ್ನೇ ಬಚ್ಚಿಟ್ಟವನು, ನಿನಗೆ ಏನು ಬುದ್ಧಿ ಹೇಳಲಿ?

ಆದರೂ ಒಂದೆರಡು ಮಾತು, ಬೇಡವಾದರೆ ಬಿಡು. ಚೀಲ ಕಟ್ಟಿ ಹಾಗೇ ಕೈಗಿಡಬೇಡ. ಅವರ ಮುಂದೆಯೇ ತೆರೆದು ತೋರಿಸು, "ಇದು ಯಾತಕ್ಕೆ ಅಂತ ಡಾಕ್ಟರು ಹೇಳಿದ್ದಾರೆ?" ಅಂತ ಕೇಳು. "ಇದು ಬಿಪಿಗೆ ಅಲ್ವಾ?" ಅಂತ ಕೇಳಿದರೆ ಹತ್ತರಲ್ಲಿ ಎಂಟು ಜನ ಹೂಂ ಅನ್ನುತ್ತಾರೆ. ಹೆಸರನ್ನೂ ಅಷ್ಟೇ, ನೀನು ಹೇಳಬೇಡ, ಅವರ ಬಾಯಿಂದ ಬರಲಿ. ನಾನು ಹಿಡಿದ ತಪ್ಪುಗಳಲ್ಲಿ ಅರ್ಧ ಹೀಗೆ ಕೌಂಟರಿನಲ್ಲೇ ಸಿಕ್ಕಿದ್ದು. ವಾರಕ್ಕೊಮ್ಮೆಯ ಮಾತ್ರೆಗೆ ಯಾವ ದಿನ ಅಂತ ಲೇಬಲ್ ಮೇಲೆ ಬರೆ, "ಸೋಮವಾರ ಮಾತ್ರ" ಅಂತ.

ಔಷಧಿ ಇಡುವ ಫ್ರಿಜ್ ಬಗ್ಗೆಯೂ ನೀನು ಕೇಳಿದ್ದೆ. 2ರಿಂದ 8 ಡಿಗ್ರಿ ಸೆಲ್ಸಿಯಸ್, ದಿನಕ್ಕೆರಡು ಸಲ ನೋಡಿ ಬರೆದಿಡು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬಾರದು. ಎಷ್ಟೋ ಸಲ ನೋಡಿ ಹೇಳಲಾಗುವುದಿಲ್ಲ, ಅದೇ ಕಷ್ಟ. ನೋಡು, ಮತ್ತೆ ಕಣ್ಣಿಗೆ ಕಾಣದ ತಪ್ಪಿಗೇ ಬಂದೆ.

ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಿಯಿಂದಾಗುವ ತಪ್ಪಿಸಬಹುದಾದ ದೊಡ್ಡ ಹಾನಿಯನ್ನು ಐದು ವರ್ಷದಲ್ಲಿ ಅರ್ಧಕ್ಕಿಳಿಸಬೇಕು ಅಂತ ಗುರಿ ಇಟ್ಟಿತು. ಅದನ್ನು ಓದಿದಾಗ ನಾನು ಆಗಲೇ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದೆ. ಲೋಕದಲ್ಲೆಲ್ಲ ನಮ್ಮಂಥವರು ಎಡವುತ್ತಾರೆ ಅಂತ ಅಷ್ಟು ದೊಡ್ಡವರೇ ಒಪ್ಪಿಕೊಂಡಿದ್ದು ನೋಡಿ ಸ್ವಲ್ಪ ಸಮಾಧಾನ, ಸ್ವಲ್ಪ ಸಿಟ್ಟು. ಆ ಹುಡುಗನ ಕಾಲದಲ್ಲಿ ಇದನ್ನು ಯಾರಾದರೂ ಗಟ್ಟಿಯಾಗಿ ಹೇಳಿದ್ದರೆ! ನಾನೇ ಹೇಳಬಹುದಿತ್ತು.

ನಿನ್ನ ಭಯ ಹೋಗಲಿ ಅಂತ ನಾನು ಹಾರೈಸುವುದಿಲ್ಲ. ನನ್ನದೂ ಹೋಗಿಲ್ಲ. ರಾತ್ರಿ ಈಗಲೂ ಒಂದೊಂದು ಚೀಟಿ ನೆನಪಿಗೆ ಬರುತ್ತದೆ. ಅದು ಸರಿಯಿತ್ತೋ ಇಲ್ಲವೋ ಇನ್ನು ತಿಳಿಯುವ ದಾರಿಯಿಲ್ಲ. ಆದರೆ ನಿನ್ನ ಅಂಗಡಿಯಲ್ಲಿ ಒಂದು ನೋಟ್‌ಬುಕ್ ಇಡು. ಕೂದಲೆಳೆಯಲ್ಲಿ ತಪ್ಪಿದ್ದನ್ನೆಲ್ಲ ಅದರಲ್ಲಿ ಬರೆಯಿರಿ. ಯಾರು ಮಾಡಿದರು ಅಂತ ಬೇಡ, ಏನು ಆಯ್ತು, ಯಾವ ಕಪಾಟು, ಎಷ್ಟು ಹೊತ್ತಿಗೆ, ಅಷ್ಟು ಸಾಕು. ಮೊದಲ ಪುಟ ನೀನೇ ಬರೆದರೆ ಉಳಿದವರಿಗೆ ಧೈರ್ಯ ಬರಬಹುದು. ಬರದೆಯೂ ಇರಬಹುದು, ನನಗೆ ಗೊತ್ತಿಲ್ಲ, ನಾನು ಯಾವತ್ತೂ ಬರೆದವನಲ್ಲ.

ಮೆಥೋಟ್ರೆಕ್ಸೇಟ್ ಚೀಟಿಯ ವಿಷಯ ಜೊತೆಯವರಿಗೆ ಹೇಳಿದ್ದೀಯಾ? ನಿನ್ನ ಪತ್ರವನ್ನು ಎರಡು ಸಲ ಹುಡುಕಿದೆ, ಆ ಮಾತು ಸಿಗಲಿಲ್ಲ. ಹೇಳಿದ ದಿನ ನನಗೊಂದು ಸಾಲು ಬರೆ.

ನಿನ್ನ,
ದೊಡ್ಡಪ್ಪ